ನಮ್ಮಿಂದ ನಮಗೇ ಬಿಲ್ಲು: ಬದಿಯಡ್ಕದ ಅಡಿಕೆ ಅಂಗಡಿಯಲ್ಲಿ ಇ-ಇನ್‌ವಾಯ್ಸ್ ಕಲಿತ ನನ್ನ ಅನುಭವ

ನಾನು ಬದಿಯಡ್ಕದ ಹತ್ರ ಒಂದು ಅಡಿಕೆ, ಕರಿಮೆಣಸು ವ್ಯಾಪಾರದ ಅಂಗಡಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವ. ನಮ್ಮ ಧನಿಗಳಿಗೆ ಇಲ್ಲಿ ಒಂದು ಅಂಗಡಿ, ಗಡಿ ದಾಟಿ ವಿಟ್ಲದಲ್ಲಿ ಒಂದು ಗೋಡೌನ್, ಪೆರ್ಲ, ಅಡ್ಕಸ್ಥಳ ದಾರಿಯಲ್ಲಿ ಹೋದ್ರೆ ಬೆಳಿಗ್ಗೆ ಹೊರಟ ಪಿಕಪ್ ಮಧ್ಯಾಹ್ನದೊಳಗೆ ಖಾಲಿಯಾಗಿ ವಾಪಸ್ ಬರ್ತದೆ. ನಮಗೆ ಅದು ಒಂದೇ ಊರಿನ ಹಾಗೆ, ಆದ್ರೆ ಜಿಎಸ್‌ಟಿ ಲೆಕ್ಕದಲ್ಲಿ ಎರಡು ಬೇರೆ ಬೇರೆ ವ್ಯಕ್ತಿಗಳು. ಇಲ್ಲಿಯ ಅಂದ್ರೆ ಕೇರಳದ ನಂಬರ್ 32ರಿಂದ ಶುರು, ಅಲ್ಲಿಯ ಕರ್ನಾಟಕದ್ದು 29ರಿಂದ. ಬಿಲ್ಲನ್ನು ಸರ್ಕಾರದ ಪೋರ್ಟಲ್‌ನಲ್ಲಿ ರಿಜಿಸ್ಟರ್ ಮಾಡುವ ಇ-ಇನ್‌ವಾಯ್ಸ್ ಬಂದ ಮೇಲೆ ನಮಗಾದ ಹೆಚ್ಚಿನ ತೊಂದ್ರೆಗಳು ಈ ಎರಡು ನಂಬರ್‌ನಿಂದಲೇ ಆದದ್ದು, ಹಾಗಾಗಿ ಗಡಿಯ ಈಚೆ ಆಚೆ ವ್ಯಾಪಾರ ಮಾಡುವವರಿಗೆ ಉಪಯೋಗ ಆದೀತು ಅಂತ ಬರೀತಾ ಇದ್ದೇನೆ.

ಮೊದ್ಲು ಇದು ನಮಗೆ ಸಂಬಂಧವೇ ಇಲ್ಲ ಅಂತ ಅಂದುಕೊಂಡಿದ್ದೆವು. 2020ರ ಅಕ್ಟೋಬರ್ 1ಕ್ಕೆ ಶುರು ಆಗುವಾಗ 500 ಕೋಟಿಗಿಂತ ಹೆಚ್ಚು ವಹಿವಾಟು ಇದ್ದವರಿಗೆ ಮಾತ್ರ ಇದ್ದದ್ದು, ಮತ್ತೆ 100 ಕೋಟಿ, 50, 20, 10 ಅಂತ ಇಳೀತಾ ಬಂದು 2023ರ ಆಗಸ್ಟ್ 1ಕ್ಕೆ 5 ಕೋಟಿಗೆ ಬಂತು. ಧನಿಗಳು ಹೇಳಿದ್ದು, ಬದಿಯಡ್ಕದ್ದು ಮೂರೂವರೆ ಕೋಟಿ, ವಿಟ್ಲದ್ದು ಎರಡು ಕೋಟಿ ಚಿಲ್ಲರೆ, ಎರಡೂ 5ರ ಒಳಗೆ ಉಂಟಲ್ಲ ಅಂತ. ನನಗೂ ಅದು ಸರಿ ಅಂತಲೇ ಕಂಡಿತ್ತು. ಜುಲೈಯಲ್ಲಿ ನಮ್ಮ ಟ್ಯಾಕ್ಸ್ ಪ್ರಾಕ್ಟೀಷನರ್ ಹತ್ರ ಬೇರೆ ಕೆಲ್ಸಕ್ಕೆ ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆ, ಪ್ಯಾನ್ ಒಂದೇ ಅಲ್ವಾ? ವಹಿವಾಟು ಲೆಕ್ಕ ಹಾಕುವುದು ಪ್ಯಾನ್ ಮೇಲೆ, ಜಿಎಸ್‌ಟಿ ನಂಬರ್ ಮೇಲೆ ಅಲ್ಲ, ದೇಶದಲ್ಲಿ ಎಲ್ಲೆಲ್ಲಿ ಬ್ರಾಂಚ್ ಉಂಟೋ ಎಲ್ಲ ಕೂಡಿಸಬೇಕು. ಅದೂ ಹೋದ ವರ್ಷದ್ದು ಮಾತ್ರ ಅಲ್ಲ, 2017-18ರಿಂದ ಈಚೆ ಯಾವುದಾದ್ರೂ ಒಂದು ವರ್ಷ 5 ಕೋಟಿ ದಾಟಿದ್ರೆ ಸಾಕು, ಮತ್ತೆ ವ್ಯಾಪಾರ ಇಳಿದ್ರೂ ಬಿಡುವುದಿಲ್ಲ. ಅಡಿಕೆಯವರಿಗೆ 5 ಕೋಟಿ ಅಂದ್ರೆ ಎಷ್ಟು ಬೇಗ ಆಗ್ತದೆ ನೋಡಿ, ಕಿಲೋಗೆ 400 ಅಂತ ಹಿಡಿದ್ರೂ 10 ಟನ್ ಲೋಡಿಗೆ 40 ಲಕ್ಷ, 13 ಲೋಡು ಹೋದ್ರೆ ಮುಗೀತು. ಲಾಭ ಎಷ್ಟು ಅಂತ ಯಾರೂ ಕೇಳುವುದಿಲ್ಲ.

ಇ-ಇನ್‌ವಾಯ್ಸ್ ಅಂದ್ರೆ ಬಿಲ್ಲನ್ನು ಸರ್ಕಾರದ ವೆಬ್‌ಸೈಟ್‌ನಲ್ಲಿ ತಯಾರು ಮಾಡುವುದು ಅಂತ ನಾನೂ ಮೊದ್ಲು ತಿಳಿದದ್ದು, ಅದು ಹಾಗಲ್ಲ. ಬಿಲ್ಲು ನಾವು ಯಾವಾಗಿನ ಹಾಗೆ ನಮ್ಮ ಅಕೌಂಟಿಂಗ್ ಸಾಫ್ಟ್‌ವೇರಿನಲ್ಲೇ ಮಾಡುವುದು, ಅದರ ವಿವರ ಜೇಸನ್ ಅಂತ ಒಂದು ಫೈಲ್ ರೂಪದಲ್ಲಿ ಇನ್‌ವಾಯ್ಸ್ ರಿಜಿಸ್ಟ್ರೇಷನ್ ಪೋರ್ಟಲ್‌ಗೆ ಅಂದ್ರೆ ಐಆರ್‌ಪಿಗೆ ಹೋಗ್ತದೆ. ಅದು ನೋಡಿ ಸರಿ ಕಂಡ್ರೆ 64 ಅಕ್ಷರದ ಒಂದು ಐಆರ್‌ಎನ್ (ಬಿಲ್ಲಿನ ರಿಜಿಸ್ಟ್ರೇಷನ್ ನಂಬರ್) ಮತ್ತು ಡಿಜಿಟಲ್ ಸಹಿ ಇರುವ ಕ್ಯೂಆರ್ ಕೋಡ್ ಕೊಟ್ಟು ವಾಪಸ್ ಕಳಿಸ್ತದೆ. ಆ 64 ಅಕ್ಷರ ಸುಮ್ಮನೆ ಬಂದದ್ದಲ್ಲ, ಮಾರಿದವನ ಜಿಎಸ್‌ಟಿ ನಂಬರ್, ಹಣಕಾಸು ವರ್ಷ, ಬಿಲ್ಲಾ ಕ್ರೆಡಿಟ್ ನೋಟಾ (ಕೊಟ್ಟ ಬಿಲ್ಲಿನ ಮೊತ್ತ ಇಳಿಸುವ ಚೀಟಿ) ಅನ್ನುವುದು, ಬಿಲ್ ನಂಬರ್, ಈ ನಾಲ್ಕರಿಂದ ಲೆಕ್ಕ ಹಾಕಿ ಬರುವುದು. ಹಾಗಾಗಿ ಒಂದು ವರ್ಷದಲ್ಲಿ ಒಂದು ಬಿಲ್ ನಂಬರಿಗೆ ಒಂದೇ ಐಆರ್‌ಎನ್, ಎರಡನೇ ಸಲ ಕೇಳಿದ್ರೆ ಸಿಗುವುದಿಲ್ಲ. ಮಾಲು ಸಾಗಿಸ್ಲಿಕ್ಕೆ ಬೇಕಾದ ಇ-ವೇ ಬಿಲ್ಲಿಗೆ ನಮ್ಮದು ಮೊದಲೇ ಲಾಗಿನ್ ಇತ್ತು, ಎನ್‌ಐಸಿಯ ಇ-ಇನ್‌ವಾಯ್ಸ್ ಪೋರ್ಟಲ್‌ಗೂ ಅದೇ ಲಾಗಿನ್ ನಡೆಯಿತು, ಮತ್ತೆ ಸಾಫ್ಟ್‌ವೇರ್ ಜೋಡಿಸ್ಲಿಕ್ಕೆ ಒಂದು ಎಪಿಐ ಯೂಸರ್ ಮಾಡಿದ್ದು ಅಷ್ಟೆ, ಅರ್ಧ ಗಂಟೆ ಕೆಲ್ಸ.

ಯಾವ ಬಿಲ್ಲಿಗೆ ಬೇಕು ಅನ್ನುವುದರಲ್ಲಿ ಇಲ್ಲಿ ತುಂಬಾ ಜನಕ್ಕೆ ಗೊಂದಲ ಉಂಟು. ಜಿಎಸ್‌ಟಿ ನಂಬರ್ ಇರುವ ವ್ಯಾಪಾರಿಗೆ ಮಾರಿದ್ರೆ ಬೇಕು, ಎಕ್ಸ್‌ಪೋರ್ಟಿಗೆ ಬೇಕು, ಕ್ರೆಡಿಟ್ ನೋಟಿಗೂ ಮೊತ್ತ ಏರಿಸುವ ಡೆಬಿಟ್ ನೋಟಿಗೂ ಬೇಕು. ಮನೆಗೆ ಅಂತ ಮೆಣಸು ಕೊಂಡು ಹೋಗುವವರ ಬಿಲ್ಲಿಗೆ ಬೇಡ. ಕೃಷಿಕರು ಅಡಿಕೆ ತಂದು ಹಾಕುವಾಗ ನಾವು ಕೊಡುವ ಚೀಟಿಗೂ ಬೇಡ, ಅದು ನಮ್ಮ ಖರೀದಿ. ಗೇರುಬೀಜ ಸಿಪ್ಪೆ ಸಮೇತ ಕೃಷಿಕರಿಂದ ತಗೊಂಡ್ರೆ ರಿವರ್ಸ್ ಚಾರ್ಜ್‌ನಲ್ಲಿ ತೆರಿಗೆ ನಾವೇ ಕಟ್ಟಬೇಕು, ಆದ್ರೂ ಅದಕ್ಕೆ ಐಆರ್‌ಎನ್ ಬೇಡ. ಆದ್ರೆ ಬದಿಯಡ್ಕದಿಂದ ನಮ್ಮದೇ ವಿಟ್ಲದ ಗೋಡೌನಿಗೆ ಕಳಿಸಿದ ಮಾಲಿಗೆ ಬೇಕು! ಇದು ಧನಿಗಳಿಗೆ ಅರ್ಥ ಮಾಡಿಸ್ಲಿಕ್ಕೆ ನನಗೆ ಒಂದು ವಾರ ಹಿಡಿಯಿತು. ನಮ್ಮಿಂದ ನಮಗೇ ಬಿಲ್ಲು, ಅದಕ್ಕೆ ಐಜಿಎಸ್‌ಟಿ (ರಾಜ್ಯ ದಾಟುವ ಮಾಲಿನ ಜಿಎಸ್‌ಟಿ), ಅದಕ್ಕೆ ಐಆರ್‌ಎನ್, ಅದರ ಮೇಲೆ ಇ-ವೇ ಬಿಲ್ಲು. ಮೊದ್ಲೆಲ್ಲ ಒಂದು ಸಾದಾ ಕಾಗದದಲ್ಲಿ ಇಷ್ಟು ಗೋಣಿ ಅಂತ ಬರೆದು ಡ್ರೈವರ್ ಕೈಗೆ ಕೊಟ್ಟು ಕಳಿಸ್ತಿದ್ದವರನ್ನು ನಾನು ಕಂಡಿದ್ದೇನೆ, ಈಗ ಹಾಗೆ ಮಾಡಿದ್ರೆ ಆ ಬಿಲ್ಲು ಬಿಲ್ಲೇ ಅಲ್ಲ. ನಿಯಮ 48(5) ಹೇಳುವುದೇ ಹಾಗೆ, ಇ-ಇನ್‌ವಾಯ್ಸ್ ಮಾಡಬೇಕಾದವರು ಬೇರೆ ರೀತಿಯಲ್ಲಿ ಕೊಟ್ಟದ್ದು ಇನ್‌ವಾಯ್ಸ್ ಅಂತ ಲೆಕ್ಕಕ್ಕೆ ಬರುವುದಿಲ್ಲ.

ಮೊದಲ ವಾರ ಪೋರ್ಟಲ್ ನನ್ನ ಬಿಲ್ಲುಗಳನ್ನು ಒಂದರ ಹಿಂದೆ ಒಂದು ತಿರುಗಿಸಿ ಕಳಿಸಿತು. ನಮ್ಮ ಬಿಲ್ ನಂಬರ್ ಎಷ್ಟೋ ವರ್ಷದಿಂದ 001 ಅಂತ ಶುರು ಆಗುವುದು, ಸೊನ್ನೆಯಿಂದ ಶುರು ಆಗುವ ನಂಬರ್ ಅದು ತಗೊಳ್ಳುವುದಿಲ್ಲ, ಒಟ್ಟು 16 ಅಕ್ಷರದೊಳಗೆ ಇರಬೇಕು. ವಿಟ್ಲದ ಪಾರ್ಟಿ ಮಾಸ್ಟರ್‌ನಲ್ಲಿ ಅಂದ್ರೆ ಸಾಫ್ಟ್‌ವೇರಿನಲ್ಲಿ ಹೆಸರು, ವಿಳಾಸ ಇಡುವ ಕಡೆ ಯಾರೋ ಹಿಂದೆ 671ರ ಪಿನ್‌ಕೋಡ್ ಹಾಕಿಟ್ಟಿದ್ರು, ರಾಜ್ಯ ಕರ್ನಾಟಕ, ಪಿನ್ ಕಾಸರಗೋಡಿನದ್ದು, ಅದಕ್ಕೆ ತಿರಸ್ಕಾರ. 574ರದ್ದು ಹಾಕಿದ ಮೇಲೆ ಸರಿಯಾಯ್ತು. ವಿಳಾಸದ ಊರಿನ ಹೆಸರಿಗೆ ಅದು ತಕರಾರು ಮಾಡುವುದಿಲ್ಲ, ನಾವು ಮಂಜೇಶ್ವರ ಅಂತೇವೆ, ಕಾಗದಪತ್ರದಲ್ಲಿ ಮಂಜೇಶ್ವರಂ ಅಂತ ಇರ್ತದೆ, ನಾವು ಕುಂಬಳೆ ಅಂದ್ರೆ ಅಲ್ಲಿ ಕುಂಬ್ಳ. ನಮ್ಮ ಊರಿನ ಹೆಸರನ್ನು ನಾವು ಕರೆಯುವ ಹಾಗೆ ಬರೀಬೇಕು ಅಂತ ನನಗೆ ಮನಸ್ಸಿನಲ್ಲಿ ಉಂಟು, ಅದಕ್ಕೆ ಪಾರ್ಟಿ ಮಾಸ್ಟರ್‌ನಲ್ಲಿ ನಾನು ಮಂಜೇಶ್ವರ ಅಂತಲೇ ಹಾಕಿದ್ದೇನೆ, ಪಿನ್ ಸರಿ ಇದ್ದ ಕಾರಣ ಒಂದು ಬಿಲ್ಲೂ ನಿಂತಿಲ್ಲ.

ಜೋರು ಮಳೆಯ ಒಂದು ಸಂಜೆ ಬಟನ್ ಒತ್ತಿದ್ದೇ ತಡ ಕರೆಂಟು ಹೋಯ್ತು, ನೆಟ್ಟೂ ಹೋಯ್ತು. ಬಂದ ಮೇಲೆ ಪುನಃ ಕಳಿಸಿದ್ರೆ ಎರರ್ 2150, ಡೂಪ್ಲಿಕೇಟ್ ಐಆರ್‌ಎನ್ ಅಂತ. ಲಾರಿ ತುಂಬಿ ಟಾರ್ಪಾಲ್ ಕಟ್ಟಿ ಆಗಿತ್ತು, ಡ್ರೈವರ್ ಎಂತ ಆಯ್ತು ಎಂತ ಆಯ್ತು ಅಂತ ಎರಡು ಸಲ ಒಳಗೆ ಬಂದು ಕೇಳಿದ, ನನಗೆ ಬೇರೆ ನಂಬರ್ ಹಾಕಿ ಹೊಸ ಬಿಲ್ಲು ಮಾಡಿ ಬಿಡುವಾ ಅಂತ ಕಂಡಿತು. ದಯವಿಟ್ಟು ಹಾಗೆ ಮಾಡಬೇಡಿ, ಮಾಡಿದ್ರೆ ಒಂದೇ ಲೋಡಿಗೆ ಎರಡು ಬಿಲ್ಲು ಸರ್ಕಾರದಲ್ಲಿ ರಿಜಿಸ್ಟರ್ ಆಗ್ತದೆ. 2150 ಅಂದ್ರೆ ಹೆಚ್ಚಾಗಿ ನಿಮ್ಮ ಬಿಲ್ಲು ಮೊದಲ ಸಲವೇ ಅಲ್ಲಿಗೆ ತಲುಪಿದೆ, ಉತ್ತರ ಮಾತ್ರ ನಿಮಗೆ ತಲುಪಲಿಲ್ಲ. ಬಿಲ್ ನಂಬರ್, ತಾರೀಕು ಕೊಟ್ಟು ಐಆರ್‌ಎನ್ ವಿವರ ಹಿಂದಕ್ಕೆ ತರಿಸಿಕೊಳ್ಳುವ ಆಪ್ಷನ್ ಸಾಫ್ಟ್‌ವೇರಿನಲ್ಲಿ ಉಂಟು. ತರಿಸಿದ್ರೆ ಕ್ಯೂಆರ್ ಸಮೇತ ಬಂತು.

ಇಷ್ಟೆಲ್ಲ ಪೋರ್ಟಲ್ ಹಿಡಿದು ಕೊಟ್ಟ ತಪ್ಪುಗಳು. ನನಗೆ ನಿಜಕ್ಕೂ ಪಾಠ ಆದದ್ದು ಅದು ಹಿಡಿಯದೆ ಇದ್ದ ತಪ್ಪಿನಿಂದ. ಮಂಗಳೂರಿನ ಒಬ್ಬ ಮೆಣಸಿನ ವ್ಯಾಪಾರಿಗೆ ಎರಡೂ ರಾಜ್ಯದಲ್ಲಿ ರಿಜಿಸ್ಟ್ರೇಷನ್ ಉಂಟು, ನಮ್ಮ ಸಾಫ್ಟ್‌ವೇರಿನಲ್ಲಿ ಒಂದೇ ಹೆಸರು ಎರಡು ಸಲ ಬರ್ತದೆ, ಮೇಲೆ 32ರದ್ದು, ಕೆಳಗೆ 29ರದ್ದು. 600 ಕಿಲೋ ಕರಿಮೆಣಸು, ಕಿಲೋಗೆ 600ರ ಹಾಗೆ 3,60,000 ರೂಪಾಯಿ, 5 ಪರ್ಸೆಂಟ್ ಅಂದ್ರೆ 18,000 ತೆರಿಗೆ. ಮಾಲು ಹೋದದ್ದು ತಲಪಾಡಿ ದಾಟಿ ಮಂಗಳೂರಿಗೆ, ನಾನು ಗಡಿಬಿಡಿಯಲ್ಲಿ ಒತ್ತಿದ್ದು ಮೇಲಿನ ಹೆಸರು. ಪೋರ್ಟಲ್‌ಗೆ ಎಲ್ಲ ಸರಿ ಕಂಡಿತು, ಜಿಎಸ್‌ಟಿ ನಂಬರ್ ಚಾಲ್ತಿಯಲ್ಲಿ ಉಂಟು, ಪಿನ್ ರಾಜ್ಯಕ್ಕೆ ತಾಳೆ ಆಗ್ತದೆ, ಒಂದೇ ರಾಜ್ಯದೊಳಗಿನ ಮಾರಾಟದ ಹಾಗೆ ಸಿಜಿಎಸ್‌ಟಿ 9,000, ಎಸ್‌ಜಿಎಸ್‌ಟಿ 9,000 ಕೂಡುಲೆಕ್ಕ ಸರಿ ಉಂಟು. ಎರಡು ಸೆಕೆಂಡಿನಲ್ಲಿ ಐಆರ್‌ಎನ್ ಕೊಟ್ಟಿತು. ಬಿಲ್ಲಿನ ವಿಳಾಸ ಕೇರಳದ್ದು, ಗಾಡಿ ಹೋದದ್ದು ಕರ್ನಾಟಕಕ್ಕೆ, ದಾರಿಯಲ್ಲಿ ಯಾರಾದ್ರೂ ನಿಲ್ಲಿಸಿ ನೋಡಿದ್ದಿದ್ರೆ ಏನಾಗ್ತಿತ್ತು ಅಂತ ಈಗಲೂ ನೆನೆಸಿದ್ರೆ ಎದೆ ಡವಡವ ಅಂತದೆ. ನಂಬರ್ ಸಿಕ್ಕಿತು ಅಂದ್ರೆ ಬಿಲ್ಲು ಸರಿ ಉಂಟು ಅಂತ ಅರ್ಥ ಅಲ್ಲ, ನೀವು ಹೇಳಿದ್ದನ್ನು ದಾಖಲು ಮಾಡಿಕೊಂಡ್ರು ಅಂತ ಮಾತ್ರ. ಎಚ್‌ಎಸ್‌ಎನ್ ಅಂದ್ರೆ ಮಾಲಿನ ಕೋಡ್ ಕೂಡ ಹಾಗೇ, 5 ಕೋಟಿ ಮೇಲಿನವರು 6 ಅಂಕಿ ಹಾಕಬೇಕು, ಅಡಿಕೆಗೆ 080280, ಇಡೀ ಕರಿಮೆಣಸಿಗೆ 090411. ಅಡಿಕೆಯ ಬಿಲ್ಲಿಗೆ ಮೆಣಸಿನ ಕೋಡ್ ಹಾಕಿದ್ರೂ ಅದಕ್ಕೆ ಗೊತ್ತಾಗುವುದಿಲ್ಲ, ಅದು ಗೋಣಿ ಬಿಚ್ಚಿ ನೋಡುವುದಿಲ್ಲವಲ್ಲ.

ಮೂರನೇ ದಿವಸ ಮಂಗಳೂರಿನವರ ಅಕೌಂಟೆಂಟ್ ಫೋನ್ ಮಾಡಿ ಹೇಳಿದ ಮೇಲೆ ಗೊತ್ತಾದದ್ದು. ಐಆರ್‌ಎನ್ ಕ್ಯಾನ್ಸಲ್ ಮಾಡ್ಲಿಕ್ಕೆ 24 ಗಂಟೆ ಮಾತ್ರ ಸಮಯ, ಅದೂ ಇಡೀ ಬಿಲ್ಲನ್ನೇ, ಒಂದು ಸಾಲು ತಿದ್ದುವ ಅವಕಾಶ ಅಲ್ಲಿಲ್ಲ. ಆ ಬಿಲ್ಲಿನ ಇ-ವೇ ಬಿಲ್ಲು ಚಾಲ್ತಿಯಲ್ಲಿದ್ರೆ ಮೊದ್ಲು ಅದನ್ನು ಕ್ಯಾನ್ಸಲ್ ಮಾಡಿಯೇ ಇದಕ್ಕೆ ಬರಬೇಕು, ಕ್ಯಾನ್ಸಲ್ ಮಾಡಿದ ಬಿಲ್ ನಂಬರನ್ನು ಪುನಃ ಉಪಯೋಗಿಸ್ಲಿಕ್ಕೂ ಆಗುವುದಿಲ್ಲ. ನಮ್ಮದು ಸಮಯ ಮೀರಿತ್ತು. ಟ್ಯಾಕ್ಸ್ ಪ್ರಾಕ್ಟೀಷನರ್ ಹೇಳಿದ ಪ್ರಕಾರ 32ರ ನಂಬರಿಗೆ ಪೂರ್ತಿ ಮೊತ್ತಕ್ಕೆ ಕ್ರೆಡಿಟ್ ನೋಟ್ ಮಾಡಿ ಅದಕ್ಕೂ ಐಆರ್‌ಎನ್ ತಗೊಂಡು, 29ರ ನಂಬರಿಗೆ ಐಜಿಎಸ್‌ಟಿ 18,000 ಹಾಕಿ ಹೊಸ ಬಿಲ್ಲು ಮಾಡಿದೆವು. ಜಿಎಸ್‌ಟಿಆರ್-1 ಅಂದ್ರೆ ಮಾರಾಟದ ರಿಟರ್ನ್ ಇನ್ನೂ ಹಾಕಿರ್ಲಿಲ್ಲ, ಹಾಗಾಗಿ ಅದೇ ತಿಂಗಳಲ್ಲಿ ಎಲ್ಲ ಮುಗೀತು. ರಿಜಿಸ್ಟರ್ ಆದ ಬಿಲ್ಲು ತಾನಾಗಿಯೇ ನಮ್ಮ ಜಿಎಸ್‌ಟಿಆರ್-1ಕ್ಕೆ ಹೋಗಿ ಕೂರ್ತದೆ, ನಾವು ರಿಟರ್ನ್ ಹಾಕಿದ ಮೇಲೆ 14ನೇ ತಾರೀಕಿಗೆ ಬರುವ ಅವರ ಜಿಎಸ್‌ಟಿಆರ್-2ಬಿ ಅನ್ನುವ ಪಟ್ಟಿಯಲ್ಲಿ ಕ್ರೆಡಿಟ್ (ಖರೀದಿಗೆ ಕೊಟ್ಟ ತೆರಿಗೆಯನ್ನು ತಾವು ಕಟ್ಟಬೇಕಾದ್ದರಲ್ಲಿ ಕಳೆಯುವುದು) ಕಾಣ್ತದೆ, ಸುಮ್ಮನೆ ಬಿಟ್ಟಿದ್ರೆ ಆ ಕ್ರೆಡಿಟ್ ತಪ್ಪು ರಾಜ್ಯದಲ್ಲಿ ಹೋಗಿ ಬೀಳ್ತಿತ್ತು. ಆಮೇಲಿಂದ ಎಲ್ಲ ಪಾರ್ಟಿಯ ಹೆಸರಿನ ಮುಂದೆ ಕೇರಳ, ಕರ್ನಾಟಕ ಅಂತ ಸೇರಿಸಿದೆ. ಬಟನ್ ಒತ್ತುವ ಮೊದ್ಲು ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕಿ ಬಾಯಿ ಬಿಟ್ಟು ಓದ್ತೇನೆ, ಗಾಡಿ ಎಲ್ಲಿಗೆ ಅಂತ ಡ್ರೈವರ್ ಹತ್ರ ಕೇಳ್ತೇನೆ.

ಇನ್ನು ಕ್ಯೂಆರ್ ಕೋಡ್. ನಮ್ಮದು ಹಳೇ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ಮೂರು ಕಾರ್ಬನ್ ಕಾಪಿ ಬರುವಂಥದ್ದು, ಅದರಲ್ಲಿ ಕ್ಯೂಆರ್ ಅಂದ್ರೆ ಮಸಿ ಚೆಲ್ಲಿದ ಹಾಗೆ ಒಂದು ಕಪ್ಪು ಚೌಕ, ಯಾವ ಫೋನಿಗೂ ಓದ್ಲಿಕ್ಕೆ ಆಗ್ತಿರ್ಲಿಲ್ಲ. ಐಆರ್‌ಎನ್ ಅಕ್ಷರಗಳು ಬಿಲ್ಲಿನಲ್ಲಿ ಇಲ್ಲದಿದ್ರೂ ನಡೀತದೆ, ಅದು ಕ್ಯೂಆರ್ ಒಳಗೇ ಉಂಟು, ಆದ್ರೆ ಕ್ಯೂಆರ್ ಇರಲೇಬೇಕು, ಓದ್ಲಿಕ್ಕೆ ಸಿಗಬೇಕು. ಒಂದು ಲೇಸರ್ ಪ್ರಿಂಟರ್ ತಗೊಂಡೆವು. ಮಾಮೂಲಿ ಸ್ಕ್ಯಾನರ್‌ನಲ್ಲಿ ಇದನ್ನು ನೋಡಿದ್ರೆ ಉದ್ದಕ್ಕೆ ಅರ್ಥ ಇಲ್ಲದ ಅಕ್ಷರ ಬರ್ತದೆ, ಪೋರ್ಟಲ್‌ನಲ್ಲೇ ಸಿಗುವ ವೆರಿಫೈ ಆಪ್ ಹಾಕಿಕೊಂಡು ನೋಡಬೇಕು. ಆಗ ಮಾರಿದವರ, ಕೊಂಡವರ ಜಿಎಸ್‌ಟಿ ನಂಬರ್, ಬಿಲ್ ನಂಬರ್, ತಾರೀಕು, ಒಟ್ಟು ಮೊತ್ತ, ಎಷ್ಟು ಐಟಂ, ಮುಖ್ಯ ಐಟಂನ ಎಚ್‌ಎಸ್‌ಎನ್, ಐಆರ್‌ಎನ್ ಎಲ್ಲ ಬರ್ತದೆ. ಅದನ್ನು ಕಾಗದದಲ್ಲಿ ಇರುವುದರ ಜೊತೆ ಹೋಲಿಸಿ ನೋಡಬೇಕು, ಆಪ್‌ನಲ್ಲಿ ಸರಿ ಅಂತ ಬಂದ ಕೂಡ್ಲೆ ಬಿಡಬಾರದು. ಯಾಕೆ ಅಂದ್ರೆ ಒಂದು ಬಿಲ್ಲಿನ ಕ್ಯೂಆರನ್ನು ಇನ್ನೊಂದರ ಮೇಲೆ ಅಂಟಿಸಿದ್ರೂ ಸಹಿ ಸರಿಯೇ ಇರ್ತದೆ. ಇನ್ನೊಂದು ವಿಷಯ, ಬಿಲ್ಲು ಕೊಟ್ಟ ಮೇಲೆ ಅದೇ ದಿವಸ ಕ್ಯಾನ್ಸಲ್ ಮಾಡಿದ್ದಿದ್ರೆ ಕಾಗದದಲ್ಲಿ ಇರುವ ಕ್ಯೂಆರ್ ಹಾಗೇ ಉಳೀತದೆ. ಅದಕ್ಕೆ ದೊಡ್ಡ ಮೊತ್ತದ್ದಾದ್ರೆ ಜಿಎಸ್‌ಟಿಯ ಇ-ಇನ್‌ವಾಯ್ಸ್ ಪೋರ್ಟಲ್‌ನಲ್ಲಿ ಐಆರ್‌ಎನ್ ಹಾಕಿ ಹುಡುಕ್ತೇನೆ, ಆ್ಯಕ್ಟಿವಾ ಕ್ಯಾನ್ಸಲ್ಡಾ ಅಂತ ತೋರಿಸ್ತದೆ.

ಮೊನ್ನೆ ಚೀಲ ಸಪ್ಲೈ ಮಾಡುವ ಒಬ್ಬರ ಬಿಲ್ಲು ಬಂತು. ಬಲಗಡೆ ಮೇಲೆ ಚಂದಕ್ಕೆ ಒಂದು ಕ್ಯೂಆರ್, ಸ್ಕ್ಯಾನ್ ಮಾಡಿದ್ರೆ ವೆರಿಫೈ ಆಪ್ ಇನ್‌ವ್ಯಾಲಿಡ್ ಅಂತದೆ. ನೋಡಿದ್ರೆ ಅದು ಯುಪಿಐ ಪೇಮೆಂಟಿನ ಕ್ಯೂಆರ್! ಬಿಲ್ಲಿನಲ್ಲಿ ಕ್ಯೂಆರ್ ಉಂಟು ಅಂತ ಎಷ್ಟು ಜನ ಫೈಲಿಗೆ ಹಾಕಿ ಬಿಟ್ಟಿರ್ತಾರೋ. ಅವರ ಜಿಎಸ್‌ಟಿ ನಂಬರ್ ಪೋರ್ಟಲ್‌ನಲ್ಲಿ ಹಾಕಿ ಇ-ಇನ್‌ವಾಯ್ಸ್ ಸ್ಟೇಟಸ್ ನೋಡಿದೆ, ಎನೇಬಲ್ಡ್ ಅಂತ ಬಂತು. ಅಂದ್ರೆ ಅವರು ಐಆರ್‌ಎನ್ ಮಾಡಬೇಕಾದವರೇ ಇರುವ ಸಾಧ್ಯತೆ ಹೆಚ್ಚು, ಹಾಗಾದ್ರೆ ಅದಿಲ್ಲದ ಬಿಲ್ಲಿನ ಮೇಲೆ ನಾವು ತಗೊಂಡ ಕ್ರೆಡಿಟ್ ನಾಳೆ ನಮ್ಮ ತಲೆ ಮೇಲೆ ಬರ್ತದೆ, ತೆರಿಗೆ ನಾವು ಅವರಿಗೆ ಕೊಟ್ಟೂ ಆಗಿರ್ತದೆ. ಫೋನ್ ಮಾಡಿ ಕೇಳಿದೆ, ನಿಮ್ಮ ವಹಿವಾಟು 5 ಕೋಟಿ ದಾಟಿಲ್ಲ ಅಂತಾದ್ರೆ ಹಾಗಂತ ಬರೆದು ಕೊಡಿ, ದಾಟಿದೆ ಅಂತಾದ್ರೆ ಐಆರ್‌ಎನ್ ಇರುವ ಬಿಲ್ಲು ಕೊಡಿ, ಅಲ್ಲಿವರೆಗೆ ಪೇಮೆಂಟ್ ನಿಲ್ಲಿಸ್ತೇನೆ ಅಂದೆ. ಮೊದ್ಲು ಸ್ವಲ್ಪ ಬೇಜಾರು ಮಾಡಿಕೊಂಡ್ರು, ನಾಲ್ಕು ದಿವಸ ಬಿಟ್ಟು ಐಆರ್‌ಎನ್ ಇರುವ ಬಿಲ್ಲು ಬಂತು.

2025ರಲ್ಲಿ ಮತ್ತೆ ಕೆಲವು ಬದಲಾವಣೆ ಬಂತು. ವಹಿವಾಟು 10 ಕೋಟಿ ಮತ್ತು ಅದಕ್ಕಿಂತ ಹೆಚ್ಚು ಇರುವವರು ಏಪ್ರಿಲ್ 1ರಿಂದ ಬಿಲ್ ತಾರೀಕಿನಿಂದ 30 ದಿವಸದೊಳಗೆ ರಿಜಿಸ್ಟರ್ ಮಾಡ್ಲೇಬೇಕು, ಮತ್ತೆ ಹಳೇ ತಾರೀಕಿನ ಬಿಲ್ಲನ್ನು ಪೋರ್ಟಲ್ ತಗೊಳ್ಳುವುದಿಲ್ಲ. ಜೂನ್ 1ರಿಂದ ಬಿಲ್ ನಂಬರಿನ ಇಂಗ್ಲಿಷ್ ಅಕ್ಷರ ದೊಡ್ಡದು ಚಿಕ್ಕದು ಎರಡನ್ನೂ ಒಂದೇ ಅಂತ ನೋಡ್ತದೆ. ಪೋರ್ಟಲ್ ಲಾಗಿನ್ನಿಗೆ ಒಟಿಪಿಯೂ ಎಲ್ಲರಿಗೂ ಕಡ್ಡಾಯ ಆಯ್ತು, ಆ ಒಟಿಪಿ ಹೋಗುವುದು ಧನಿಗಳ ಫೋನಿಗೆ, ಧನಿಗಳು ಇರುವುದು ತೋಟದಲ್ಲಿ, ತೋಟದಲ್ಲಿ ರೇಂಜ್ ಇಲ್ಲ. ಎರಡು ದಿವಸ ಗುಡ್ಡೆ ಹತ್ತಿ ನಿಂತು ನಂಬರ್ ಹೇಳಿದ್ರು ಪಾಪ. ಮತ್ತೆ ಪೋರ್ಟಲ್‌ನಲ್ಲಿ ನನಗೂ, ವಿಟ್ಲದ ಗೋಡೌನ್ ನೋಡಿಕೊಳ್ಳುವ ಹುಡುಗಿಗೂ ಸಬ್-ಯೂಸರ್ ಮಾಡಿಸಿದೆವು, ನಮ್ಮ ನಮ್ಮ ಮೊಬೈಲಿಗೆ ಒಟಿಪಿ ಬರ್ತದೆ. ವಿಟ್ಲಕ್ಕೆ ಲೋಡು ಹೋದ ದಿವಸ ಅವಳು ಗೋಣಿ ಇಳಿಸುವ ಮೊದ್ಲೇ ನಮ್ಮ ಬಿಲ್ಲನ್ನು ಸ್ಕ್ಯಾನ್ ಮಾಡಿ ಸ್ಕ್ರೀನ್‌ಶಾಟ್ ಕಳಿಸ್ತಾಳೆ, ಬದಿಯಡ್ಕದಲ್ಲಿ ಕೂತು ನಾನು ಅದನ್ನು ಆಫೀಸ್ ಕಾಪಿಯ ಜೊತೆ ತಾಳೆ ನೋಡಿ ಫೈಲಿಗೆ ಹಾಕ್ತೇನೆ.