ತಾರಸಿ ಕಾಂಕ್ರೀಟ್ ಎಷ್ಟು ಗಟ್ಟಿ? ಕ್ಯೂಬ್ ಒಡೆದು ನೋಡಿ

‘ಏನೂ ಯೋಚನೆ ಮಾಡಬೇಡಿ ಸಾರ್, ಗಟ್ಟಿ ಬರುತ್ತದೆ.’ ತಾರಸಿ ಹಾಕುವ ದಿನ ಮೇಸ್ತ್ರಿ ಹೇಳುವ ಮಾತು ಇದು. ಮಡಿಕೇರಿಯ ಮಳೆಯಲ್ಲಿ ಮನೆ ಕಟ್ಟಿಸುವವರು ಯೋಚನೆ ಮಾಡುವುದೇ ಒಳ್ಳೆಯದು. ಅಂಗಳದಲ್ಲಿ ತೆರೆದಿಟ್ಟ ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ರಾತ್ರಿಯಿಡೀ ನೀರು ಕುಡಿದಿರುತ್ತದೆ. ಬೆಳಿಗ್ಗೆ ಮಿಕ್ಸರ್‌ಗೆ ಎಂದಿನಷ್ಟೇ ಬಕೆಟ್ ನೀರು ಸುರಿದರೆ, ಮರಳಿನಲ್ಲಿದ್ದ ನೀರೂ ಸೇರಿ ಸಿಮೆಂಟಿನ ಪಾಲಿಗೆ ನೀರು ಹೆಚ್ಚಾಗುತ್ತದೆ, ಬಲ ಇಳಿಯುತ್ತದೆ. ಇದನ್ನು ಕಣ್ಣಳತೆಯಲ್ಲಿ ಪತ್ತೆ ಮಾಡಲಾಗದು. ಅದಕ್ಕಾಗಿಯೇ ಕ್ಯೂಬ್ ಪರೀಕ್ಷೆ: ಅದೇ ಕಾಂಕ್ರೀಟನ್ನು ಚೌಕ ಅಚ್ಚಿಗೆ ತುಂಬಿ, ಗಟ್ಟಿಯಾದ ಮೇಲೆ ಯಂತ್ರದಲ್ಲಿ ಒಡೆದು ಬಲ ಅಳೆಯುವುದು.

ಎಂ20 ಕಾಂಕ್ರೀಟ್ ಎಂದರೆ 28 ದಿನಗಳಲ್ಲಿ ಚದರ ಮಿಲಿಮೀಟರಿಗೆ 20 ನ್ಯೂಟನ್ ಒತ್ತಡ ತಾಳಬೇಕಾದ ಮಿಶ್ರಣ. ಹಳೆಯ ಲೆಕ್ಕದಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 200 ಕಿಲೋ. ಕಬ್ಬಿಣ ಕಟ್ಟಿ ಹಾಕುವ ಕಾಂಕ್ರೀಟಿಗೆ ಭಾರತೀಯ ಕಾಂಕ್ರೀಟ್ ಮಾನದಂಡ ಐಎಸ್ 456 ಇದಕ್ಕಿಂತ ಕಡಿಮೆ ದರ್ಜೆಯನ್ನು ಒಪ್ಪುವುದಿಲ್ಲ.

ಅಚ್ಚಿಗೆ ತುಂಬುವುದು

ಪರೀಕ್ಷೆ ಪ್ರಯೋಗಾಲಯದಲ್ಲಿ ನಡೆದರೂ ಅದು ಕೆಡುವುದು ಹೆಚ್ಚಾಗಿ ಕಟ್ಟಡದ ಜಾಗದಲ್ಲೇ. ಹಾಗಾಗಿ ಈ ಹಂತದಲ್ಲಿ ಪಕ್ಕದಲ್ಲೇ ನಿಂತು ನೋಡಿ.

150 ಮಿ.ಮೀ. ಉದ್ದ, ಅಗಲ, ಎತ್ತರದ ಉಕ್ಕಿನ ಅಥವಾ ಬೀಡುಕಬ್ಬಿಣದ ಅಚ್ಚುಗಳು ಬೇಕು. ಒಳಗೆ ತೆಳುವಾಗಿ ಎಣ್ಣೆ ಸವರಿ, ಬೋಲ್ಟ್‌ಗಳನ್ನು ಬಿಗಿ ಮಾಡಿ. ಸಂದಿಯಿಂದ ಸಿಮೆಂಟ್ ಹಾಲು ಸೋರಿದರೆ ಆ ಕ್ಯೂಬ್ ಸೊರಗಿತೆಂದೇ ಲೆಕ್ಕ. ಮಾದರಿಯನ್ನು ತಾರಸಿಗೆ ಹೋಗುತ್ತಿರುವ ಮಾಲಿನಿಂದಲೇ ತೆಗೆಯಬೇಕು. ಕ್ಯೂಬಿಗೆಂದು ಒಂದು ಬಾಂಡ್ಲಿ ಸಿಮೆಂಟ್ ಹೆಚ್ಚು ಹಾಕಿ ಬೇರೆ ಕಲಸುವ ಜಾಣರೂ ಇದ್ದಾರೆ. ಅಂಥ ಕ್ಯೂಬ್ ಪಾಸಾದರೆ ನಿಮ್ಮ ತಾರಸಿಗೆ ಏನು ಬಂತು?

ಕಾಂಕ್ರೀಟನ್ನು ಸುಮಾರು 5 ಸೆಂ.ಮೀ.ಯಂತೆ ಮೂರು ಪದರದಲ್ಲಿ ತುಂಬಿ. 16 ಮಿ.ಮೀ. ದಪ್ಪ, 600 ಮಿ.ಮೀ. ಉದ್ದದ, ತುದಿ ದುಂಡಗಿರುವ ಸರಳಿನಿಂದ ಪ್ರತಿ ಪದರಕ್ಕೂ ಕನಿಷ್ಠ 35 ಬಾರಿ ಕುಟ್ಟಿ. ಮೇಲಿನ ಪದರ ಕುಟ್ಟುವಾಗ ಸರಳು ಕೆಳಗಿನ ಪದರಕ್ಕೂ ಇಳಿಯಬೇಕು, ಮೂಲೆಗಳು ತಪ್ಪಬಾರದು. ಕರಣೆಯಿಂದ ಮೇಲ್ಮೈ ಸಮ ಮಾಡಿ ಒದ್ದೆ ಗೋಣಿತಾಟು ಹೊದಿಸಿ. ಒಂದು ಮಾದರಿಗೆ ಮೂರು ಕ್ಯೂಬ್. 7 ದಿನಕ್ಕೂ ನೋಡಬೇಕೆಂದಿದ್ದರೆ ಇನ್ನೂ ಮೂರು.

24 ಗಂಟೆ ಅವುಗಳನ್ನು ಅಲುಗಾಡಿಸಬೇಡಿ. ನಮ್ಮ ತೋಟದ ರಸ್ತೆಗಳಲ್ಲಿ ಹಸಿ ಕ್ಯೂಬನ್ನು ಜೀಪಿಗೆ ಹಾಕಿಕೊಂಡು ಹೊರಟರೆ ಪ್ರಯೋಗಾಲಯ ಸೇರುವ ಮೊದಲೇ ಪರೀಕ್ಷೆ ಮುಗಿದಿರುತ್ತದೆ. ಮರುದಿನ ಅಚ್ಚು ಬಿಚ್ಚಿ, ದಿನಾಂಕ ಬರೆದು ನೀರಿನ ತೊಟ್ಟಿಗೆ ಇಳಿಸಿ.

ತೊಟ್ಟಿಯ ನೀರು 27 ಡಿಗ್ರಿಗೆ ಎರಡು ಡಿಗ್ರಿ ಆಚೀಚೆ ಇರಬೇಕು. ಕೊಡಗಿನಲ್ಲಿ ಇದಕ್ಕೆ ಹೀಟರ್ ಬೇಕಾಗುವುದುಂಟು. ಚಳಿಯಲ್ಲಿ ಕಾಂಕ್ರೀಟ್ ನಿಧಾನವಾಗಿ ಬಲಿಯುತ್ತದೆ. ಬೆಚ್ಚಗಿನ ತೊಟ್ಟಿಯ ಕ್ಯೂಬ್ ಪಾಸಾಯಿತೆಂದು ಡಿಸೆಂಬರಿನಲ್ಲಿ ತಾರಸಿಯ ಸೆಂಟ್ರಿಂಗ್ ಬೇಗ ಬಿಚ್ಚುವುದು ಸರಿಯಲ್ಲ. ಕ್ಯೂಬ್ ಹೇಳುವುದು ಮಿಶ್ರಣದ ಗುಣವನ್ನು. ತಾರಸಿಗೆ ನೀವು ಎಷ್ಟು ನೀರುಣಿಸಿದಿರಿ ಎಂಬುದು ಅದಕ್ಕೆ ಗೊತ್ತಿಲ್ಲ.

ಯಂತ್ರದ ಕೆಳಗೆ

ಸಿವಿಲ್ ವಿಭಾಗವಿರುವ ಎಂಜಿನಿಯರಿಂಗ್ ಕಾಲೇಜುಗಳು ಪೊನ್ನಂಪೇಟೆ, ಕುಶಾಲನಗರಗಳಲ್ಲಿವೆ. ಹೊರಗಿನವರ ಕ್ಯೂಬ್ ತೆಗೆದುಕೊಳ್ಳುತ್ತಾರೆಯೇ, ಶುಲ್ಕವೆಷ್ಟು ಎಂದು ಮೊದಲೇ ಕೇಳಿಕೊಳ್ಳಿ.

ಕ್ಯೂಬನ್ನು ನೀರಿನಿಂದ ತೆಗೆದು, ಮೇಲಿನ ನೀರು ಒರೆಸಿ, ಒದ್ದೆಯಿರುವಾಗಲೇ ಒಡೆಯಬೇಕು. ಒಣಗಿದರೆ ಬಲ ಹೆಚ್ಚು ತೋರಿಸುತ್ತದೆ. ಕರಣೆಯಾಡಿಸಿದ ಮುಖವನ್ನು ಪಕ್ಕಕ್ಕೆ ತಿರುಗಿಸಿ, ಅಚ್ಚಿಗೆ ತಾಗಿದ್ದ ನುಣುಪು ಮುಖಗಳ ಮೇಲೆ ಭಾರ ಬೀಳುವಂತೆ ನಟ್ಟನಡುವೆ ಇಡುತ್ತಾರೆ. ಭಾರ ನಿಮಿಷಕ್ಕೆ ಚದರ ಮಿ.ಮೀ.ಗೆ 14 ನ್ಯೂಟನ್‌ನಂತೆ ಏರಬೇಕು, ಅಂದರೆ ಈ ಕ್ಯೂಬಿಗೆ ನಿಮಿಷಕ್ಕೆ 315 ಕಿಲೋನ್ಯೂಟನ್. ಅವಸರದಲ್ಲಿ ಏರಿಸಿದರೆ ಅಂಕಿ ಸುಳ್ಳೇ ಮೇಲೇರುತ್ತದೆ.

ಚಟಪಟ ಸದ್ದಿನೊಂದಿಗೆ ಪಕ್ಕಗಳು ಉದುರತೊಡಗುತ್ತವೆ. ಮುಳ್ಳು ನಿಂತು ಹಿಂದೆ ಸರಿದಾಗ ಗರಿಷ್ಠ ಭಾರವನ್ನು ಬರೆದುಕೊಳ್ಳುತ್ತಾರೆ. ನಾಲ್ಕೂ ಪಕ್ಕ ಸಮವಾಗಿ ಉದುರಿ ನಡುವೆ ಡಮರುವಿನ ಆಕಾರ ಉಳಿದರೆ ಒಡೆತ ಸರಿಯಾಗಿದೆ. ಒಂದೇ ಪಕ್ಕ ಸೀಳಿದ್ದರೆ ಕ್ಯೂಬ್ ಓರೆಯಾಗಿತ್ತೇ ಎಂದು ಕೇಳಿ.

ಲೆಕ್ಕ ಸುಲಭ. ಭಾರವನ್ನು ನ್ಯೂಟನ್‌ಗೆ ತಿರುಗಿಸಿ (ಒಂದು ಕಿಲೋನ್ಯೂಟನ್ ಎಂದರೆ 1,000 ನ್ಯೂಟನ್), ಕ್ಯೂಬಿನ ಮುಖದ ವಿಸ್ತೀರ್ಣ 22,500 ಚದರ ಮಿ.ಮೀ.ನಿಂದ ಭಾಗಿಸಿ. ಮೂರು ಕ್ಯೂಬ್‌ಗಳು 495, 517.5, 540 ಕಿಲೋನ್ಯೂಟನ್‌ಗೆ ಒಡೆದವು ಎನ್ನೋಣ: 22, 23, 24; ಸರಾಸರಿ 23. ಯಾವುದೇ ಒಂದು ಕ್ಯೂಬ್ ಸರಾಸರಿಗಿಂತ ಶೇ 15ಕ್ಕೂ ಹೆಚ್ಚು ಆಚೀಚೆ ಹೋದರೆ ಆ ಮಾದರಿ ನಂಬಿಕೆಗೆ ಅರ್ಹವಲ್ಲ. 7ನೇ ದಿನಕ್ಕೆ ಸಾಮಾನ್ಯವಾಗಿ 28 ದಿನದ ಬಲದ ಮೂರರಲ್ಲಿ ಎರಡು ಪಾಲು ಬಂದಿರುತ್ತದೆ. ಅದು ಮುನ್ಸೂಚನೆ, ತೀರ್ಪಲ್ಲ.

ಫಲಿತಾಂಶ ಕೆಳಗಿಳಿದರೆ ಕೂಡಲೇ ತಾರಸಿ ಒಡೆಸಬೇಕಿಲ್ಲ. ತಾರಸಿಯಿಂದಲೇ ದುಂಡನೆಯ ಕೋರ್ (ಕೊಳವೆಯಾಕಾರದ ಕಾಂಕ್ರೀಟ್ ತುಂಡು) ಕೊರೆದು ಪರೀಕ್ಷಿಸಬಹುದು. ಕೋರ್‌ಗಳ ಸರಾಸರಿ ಬಲ ಆ ದರ್ಜೆಯ ಕ್ಯೂಬ್ ಬಲದ ಶೇ 85ರಷ್ಟಾದರೂ ಇದ್ದು, ಒಂದೂ ಶೇ 75ಕ್ಕಿಂತ ಇಳಿಯದಿದ್ದರೆ ಐಎಸ್ 456 ಅದನ್ನು ಒಪ್ಪುತ್ತದೆ. ಎಲ್ಲಿ ಕೊರೆಯಬೇಕೆಂದು ಎಂಜಿನಿಯರ್ ಗುರುತು ಹಾಕಿಕೊಡಲಿ, ಕಬ್ಬಿಣ ತುಂಡಾಗಬಾರದು. ಕೊರೆದ ತೂತುಗಳನ್ನು ಮುಂಗಾರಿಗೆ ಮೊದಲು ಒಣಗಿದಾಗ ಕುಗ್ಗದ ಗ್ರೌಟ್‌ನಿಂದ (ತೆಳು ಸಿಮೆಂಟ್ ಗಾರೆ) ಮುಚ್ಚಿಸಿ.