ಆರ್‌ನಲ್ಲಿ ಹುಡುಕಾಟ ತೆವಳುತ್ತಿದೆಯೇ? ಮೊದಲು ಅಳೆಯಿರಿ

ಮುಧೋಳ, ಗೋಕಾಕ ಕಡೆಯ ಕಬ್ಬಿನ ತೂಕದ ಚೀಟಿಗಳನ್ನು ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ವಿಶ್ಲೇಷಿಸಲು ಕುಳಿತಿದ್ದೀರಿ ಎನ್ನಿ. ಒಂದು ಕೋಷ್ಟಕದಲ್ಲಿ ಹಂಗಾಮಿನ 2 ಲಕ್ಷ ಚೀಟಿ, ಇನ್ನೊಂದರಲ್ಲಿ 40 ಸಾವಿರ ರೈತರ ಯಾದಿ; ಎರಡರಲ್ಲೂ ರೈತರ ಕೋಡ್ ಇದೆ. ಪ್ರತಿ ಚೀಟಿಯ ಮುಂದೆ ರೈತರ ಊರು ಬರಬೇಕು. ಪ್ರೋಗ್ರಾಂ ಮುಗಿಯುವುದೇ ಇಲ್ಲ. ಆಗ ಹಲವರು ಹೆಚ್ಚು ಡೌನ್‌ಲೋಡ್ ಆದ ಪ್ಯಾಕೇಜ್ (ಸಿದ್ಧ ಫಂಕ್ಷನ್‌ಗಳ ಕಟ್ಟು) ಯಾವುದೆಂದು ಹುಡುಕತೊಡಗುತ್ತಾರೆ. ಅದು ಆಮೇಲಿನ ಮಾತು.

ಮೊದಲು 2 ಸಾವಿರ ಚೀಟಿಗಳನ್ನಷ್ಟೇ ತೆಗೆದುಕೊಂಡು ಸಮಯ ಎಲ್ಲಿ ಹೋಗುತ್ತಿದೆ ಎಂದು ಅಳೆಯುವ 'ಆರ್‌ಪ್ರೊಫ್' ಚಾಲೂ ಮಾಡಿ ಓಡಿಸಿ, ನಿಲ್ಲಿಸಿ, 'ಸಮರಿಆರ್‌ಪ್ರೊಫ್' ಫಲಿತಾಂಶ ನೋಡಿ. 'ಆರ್‌ಪ್ರೊಫ್' 0.02 ಸೆಕೆಂಡಿಗೊಮ್ಮೆ ಯಾವ ಫಂಕ್ಷನ್ ನಡೆಯುತ್ತಿದೆ ಎಂದು ಗುರುತು ಹಾಕಿಕೊಳ್ಳುತ್ತದೆ. ಸಾಲು ಸೇರಿಸುವ 'ಆರ್‌ಬೈಂಡ್' ಪಟ್ಟಿಯ ಮೇಲ್ಭಾಗದಲ್ಲಿದ್ದರೆ ತಪ್ಪು ಹುಡುಕಾಟದ್ದಲ್ಲ. ಲೂಪಿನೊಳಗೆ (ಒಂದೇ ಕೆಲಸ ಮರುಕಳಿಸುವ ಭಾಗ) ಸಾಲು ಸೇರಿಸಿದಾಗಲೆಲ್ಲ ಇಡೀ ಕೋಷ್ಟಕ ನಕಲಾಗುತ್ತಿದೆ. ಫಲಿತಾಂಶಗಳನ್ನು ಲಿಸ್ಟ್‌ನಲ್ಲಿ ಕೂಡಿಹಾಕಿ ಕೊನೆಗೆ ಒಮ್ಮೆ ಜೋಡಿಸಿ.

ಹೋಲಿಕೆಯ ಚಿಹ್ನೆಯೇ (==) ಮೇಲಿದ್ದರೆ ಕಾರಣ ಸ್ಪಷ್ಟ. ಲೂಪಿನಲ್ಲಿ ಒಂದೊಂದೇ ಕೋಡ್ ಹಿಡಿದು ಹುಡುಕಿದರೆ ಪ್ರತಿ ಚೀಟಿಗೂ 40 ಸಾವಿರ ಹೋಲಿಕೆ, ಒಟ್ಟು 800 ಕೋಟಿ. ಲೂಪ್ ತೆಗೆದುಹಾಕಿ, 'ಮ್ಯಾಚ್' ಫಂಕ್ಷನ್‌ಗೆ ಚೀಟಿಯ ಕೋಡ್ ಕಾಲಂ, ಯಾದಿಯ ಕೋಡ್ ಕಾಲಂ ಎರಡನ್ನೂ ಇಡಿಯಾಗಿ ಕೊಡಿ. ಅದು ಯಾದಿಗೆ ಒಮ್ಮೆ ಹ್ಯಾಶ್ ಕೋಷ್ಟಕ (ಕೋಡ್ ಎಲ್ಲಿದೆ ಎಂದು ನೇರವಾಗಿ ತೋರಿಸುವ ಸೂಚಿ) ಕಟ್ಟಿ, ಪ್ರತಿ ಚೀಟಿಗೆ ಸಾಲಿನ ಸಂಖ್ಯೆ ಕೊಡುತ್ತದೆ. ಆ ಸಂಖ್ಯೆಗಳಿಂದ ಊರಿನ ಕಾಲಂ ತೆಗೆದರೆ ಮುಗಿಯಿತು. ಹೊಸ ಪ್ಯಾಕೇಜ್ ಬೇಕಿಲ್ಲ.

ವೇಗ ಬಂದರೂ ಉತ್ತರ ತಪ್ಪಾಗಬಹುದು, ಅದೇ ಹೆಚ್ಚು ಅಪಾಯ. '00123' ಎಂಬ ಕೋಡ್ ಸಿಎಸ್‌ವಿ ಓದುವಾಗ 123 ಆಗಿಬಿಡುತ್ತದೆ; 'ಕೋಲ್‌ಕ್ಲಾಸಸ್' ಕೊಟ್ಟು ಅಕ್ಷರವಾಗಿಯೇ ಓದಿಸಿ. ಕೊನೆಯ ಖಾಲಿ ಜಾಗ ತೆಗೆಯಲು 'ಟ್ರಿಮ್‌ಡಬ್ಲ್ಯೂಎಸ್' ಇದೆ. ಯಾದಿಯಲ್ಲಿ ಕೋಡ್ ಎರಡು ಸಲ ಇದ್ದರೆ 'ಮ್ಯಾಚ್' ಮೊದಲನೆಯದನ್ನಷ್ಟೇ ಕೊಡುತ್ತದೆ, ಆದ್ದರಿಂದ 'ಎನಿಡುಪ್ಲಿಕೇಟೆಡ್' ಸೊನ್ನೆ ಎಂದು ಮೊದಲೇ ಖಚಿತಪಡಿಸಿಕೊಳ್ಳಿ. ಕೋಡ್‌ಗಳನ್ನು ಡೇಟಾ ಫ್ರೇಮಿನ (ಆರ್‌ನ ಕೋಷ್ಟಕದ) ಸಾಲಿನ ಹೆಸರಾಗಿಸಿ ಹುಡುಕಲೇಬೇಡಿ: ಅಲ್ಲಿ ಭಾಗಶಃ ಹೊಂದಿಕೆಯೂ ನಡೆಯುತ್ತದೆ. 'ಬಿ12' ಇಲ್ಲದಿದ್ದು, ಅದರಿಂದ ಶುರುವಾಗುವ ಹೆಸರು 'ಬಿ127' ಒಂದೇ ಇದ್ದರೆ ಎಚ್ಚರಿಕೆಯ ಸಾಲೂ ಇಲ್ಲದೆ ಬೇರೊಬ್ಬ ರೈತರ ಸಾಲು ಬರುತ್ತದೆ.

ಮತ್ತೆ ಮತ್ತೆ ಜೋಡಣೆ ಮಾಡುವುದಿದ್ದರೆ 'ಡೇಟಾ.ಟೇಬಲ್' ಪ್ಯಾಕೇಜ್ ಒಳ್ಳೆಯದು. 'ಸೆಟ್‌ಕೀ' ಒಮ್ಮೆ ವಿಂಗಡಿಸಿಟ್ಟರೆ 40 ಸಾವಿರದಲ್ಲಿ ಒಂದನ್ನು 16 ಹೋಲಿಕೆಯೊಳಗೆ ಹಿಡಿಯಬಹುದು. ಆದರೆ ಅದನ್ನೂ ಲೂಪಿನಲ್ಲಿ ಒಂದೊಂದೇ ಸಾಲಿಗೆ ಕರೆದರೆ ಕರೆಯುವ ಖರ್ಚೇ ಹೆಚ್ಚಾಗುತ್ತದೆ.

ಈಗ ಡೌನ್‌ಲೋಡ್ ಸಂಖ್ಯೆ. ಆರ್ ಪ್ಯಾಕೇಜುಗಳ ಅಧಿಕೃತ ಭಂಡಾರ ಕ್ರಾನ್; 'ಕ್ರಾನ್‌ಲಾಗ್ಸ್' ಪ್ಯಾಕೇಜಿನ 'ಕ್ರಾನ್_ಡೌನ್‌ಲೋಡ್ಸ್' ದಿನವಾರು ಎಣಿಕೆ ಕೊಡುತ್ತದೆ. ಆದರೆ ಅದು ಪಾಸಿಟ್ ಕಂಪನಿ (ಹಳೆಯ ಹೆಸರು ಆರ್‌ಸ್ಟುಡಿಯೊ) ನಡೆಸುವ ಒಂದೇ ಮಿರರ್‌ನ (ಕ್ರಾನ್‌ನ ನಕಲು ಇಟ್ಟ ಸರ್ವರ್), 2012ರ ಅಕ್ಟೋಬರ್‌ನಿಂದೀಚಿನ ಲೆಕ್ಕ. ಬೇರೆ ಮಿರರ್‌ಗಳಿಂದ ಪಡೆದದ್ದು, ಉಬುಂಟುವಿನ ಸ್ವಂತ ಭಂಡಾರದಿಂದ ಹಾಕಿಕೊಂಡದ್ದು ಇದರಲ್ಲಿಲ್ಲ. ಅತ್ತ, ಬೆಳಗಾವಿಯ ಕಾಲೇಜೊಂದರ ಲ್ಯಾಬಿನಲ್ಲಿ 60 ಕಂಪ್ಯೂಟರ್‌ಗಳಿಗೆ ಈ ಮಿರರ್‌ನಿಂದ ಪ್ಯಾಕೇಜ್ ಹಾಕಿದರೆ 60 ಡೌನ್‌ಲೋಡ್. ಜೊತೆಗೆ ಅದು ಅವಲಂಬಿಸಿದ ಪ್ರತಿ ಪ್ಯಾಕೇಜಿಗೂ 60. ಹಲವು ಪ್ಯಾಕೇಜುಗಳು ಅವಲಂಬಿಸಿದ 'ಆರ್‌ಸಿಪಿಪಿ'ಯ ಸಂಖ್ಯೆ ಅಷ್ಟು ದೊಡ್ಡದಾಗಿರಲು ಇದೇ ಮುಖ್ಯ ಕಾರಣ. ತಾನಾಗಿ ಪರೀಕ್ಷೆ ನಡೆಸುವ ಸರ್ವರ್‌ಗಳು ದಿನಕ್ಕೆ ಹಲವು ಸಲ ಅದನ್ನೇ ಇಳಿಸಿಕೊಳ್ಳುತ್ತವೆ. ಈ ಎಣಿಕೆಯನ್ನು ಬಳಕೆದಾರರ ಸಂಖ್ಯೆ ಎಂದು ಓದಲಾಗದು.

ಹೋಲಿಸಲೇಬೇಕಿದ್ದರೆ 90 ದಿನಗಳ ಅಂಕಿ ತೆಗೆದು 7 ದಿನಗಳ ಗುಂಪು ಮಾಡಿ, ಏಕೆಂದರೆ ಶನಿವಾರ, ಭಾನುವಾರ ಎಣಿಕೆ ಇಳಿಯುತ್ತದೆ. ಸರಾಸರಿಗಿಂತ ಮಧ್ಯಾಂಕ ನಂಬಿಕೆಗೆ ಯೋಗ್ಯ. ಹೊಸ ಆವೃತ್ತಿ ಬಂದಾಗಿನ ಜಿಗಿತ ಅದನ್ನು ಅಷ್ಟಾಗಿ ಕೆಡಿಸದು. ಎಲ್ಲ ಪ್ಯಾಕೇಜುಗಳಿಗೂ ಒಂದೇ ದಿನ ಸೊನ್ನೆ ಇದ್ದರೆ ಅದು ಲಾಗ್ ಬಾರದ ದಿನ, ಬಿಟ್ಟುಬಿಡಿ. ಬಳಿಕ 'ಪ್ಯಾಕೇಜ್_ಡಿಪೆಂಡೆನ್ಸೀಸ್' ಫಂಕ್ಷನ್‌ಗೆ 'ರಿವರ್ಸ್' ಕೊಟ್ಟು ಎಷ್ಟು ಪ್ಯಾಕೇಜುಗಳು ಇದನ್ನು ಎಳೆದು ತರುತ್ತವೆ ನೋಡಿ. ಆಯ್ಕೆಗೆ ಇಷ್ಟೇ ಸಾಲದು: ಕ್ರಾನ್ ಪುಟದಲ್ಲಿ ತಪಾಸಣೆಯ ಫಲಿತಾಂಶ, ಕೊನೆಯ ಆವೃತ್ತಿಯ ದಿನಾಂಕ, ಬದಲಾವಣೆಗಳ ಕಡತ ಮೂರನ್ನೂ ಓದಿಯೇ ಇನ್‌ಸ್ಟಾಲ್ ಮಾಡಿ.