ಸೊಪ್ಪಿನ ಬೆಟ್ಟದಿಂದ ಅಮೆರಿಕದ ವಿಶ್ವವಿದ್ಯಾಲಯಕ್ಕೆ: ಅರ್ಜಿ ಹಾಕುವುದು ಹೇಗೆ?

ಶಿರಸಿಯ ಅರಣ್ಯ ಮಹಾವಿದ್ಯಾಲಯದಲ್ಲೋ ಕಾರವಾರ ಕೋಡಿಬಾಗದ ಕಡಲ ಜೀವವಿಜ್ಞಾನ ವಿಭಾಗದಲ್ಲೋ ಓದುತ್ತಿರುವವರು ಮುಂದಿನ ಆಗಸ್ಟ್‌ನಲ್ಲಿ ಅಮೆರಿಕ ಅಥವಾ ಕೆನಡಾದ ತರಗತಿಯಲ್ಲಿ ಕೂರಬೇಕೆಂದಿದ್ದರೆ, ಕೆಲಸ ಈ ಮಳೆಗಾಲದಲ್ಲೇ ಶುರುವಾಗಬೇಕು. ಅಲ್ಲಿನ ಬಹಳಷ್ಟು ಸ್ನಾತಕೋತ್ತರ ವಿಭಾಗಗಳು ಅರ್ಜಿ ಪಡೆಯುವುದು ಡಿಸೆಂಬರ್, ಜನವರಿಯವರೆಗೆ ಮಾತ್ರ. ಅಡಿಕೆಯ ಕೊನೆ ಕೊಯ್ಲು ಶುರುವಾಗುವ ಹೊತ್ತಿಗೆ ನಿಮ್ಮ ಕಡತ ಸಿದ್ಧವಿರಲಿ.

ಮೊದಲು ಹೆಸರು ಸರಿಪಡಿಸಿಕೊಳ್ಳಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಶಿಯಲ್, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರೂ ಸೇರಿದ ಪೂರ್ತಿ ಹೆಸರು, ಒಂದು ಕಡೆ ಹೆಗಡೆ, ಇನ್ನೊಂದು ಕಡೆ ಹೆಗ್ಡೆ: ನಮ್ಮ ಉತ್ತರ ಕನ್ನಡ ಜಿಲ್ಲೆಯ ಮನೆಮನೆಯಲ್ಲೂ ಈ ತೊಡಕಿದೆ. ಪಾಸ್‌ಪೋರ್ಟ್‌ನಲ್ಲಿರುವಂತೆಯೇ ಪರೀಕ್ಷೆಗೂ ಅರ್ಜಿಗೂ ಹೆಸರು ಕೊಡಿ. ಜೊತೆಗೇ ಎಲ್ಲ ವರ್ಷಗಳ ಅಂಕಗಳ ಅಧಿಕೃತ ದಾಖಲೆಯಾದ ಟ್ರಾನ್ಸ್‌ಕ್ರಿಪ್ಟ್‌ಗೆ ಅರ್ಜಿ ಹಾಕಿ. ಕೃಷಿ ವಿಶ್ವವಿದ್ಯಾಲಯವಾಗಲಿ, ಕರ್ನಾಟಕ ವಿಶ್ವವಿದ್ಯಾಲಯವಾಗಲಿ, ಎರಡೂ ಧಾರವಾಡದಲ್ಲೇ ಇರುವುದರಿಂದ ಒಮ್ಮೆ ಖುದ್ದಾಗಿ ಹೋಗಿಬನ್ನಿ. ಮೂರು ವರ್ಷದ ಬಿ.ಎಸ್‌ಸಿ. ಮಾತ್ರ ಮುಗಿಸಿದವರನ್ನು ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳು ನೇರವಾಗಿ ತೆಗೆದುಕೊಳ್ಳುವುದಿಲ್ಲ. ಅರಣ್ಯಶಾಸ್ತ್ರದ ನಾಲ್ಕು ವರ್ಷದ ಪದವಿಗೆ ಆ ಅಡ್ಡಿಯಿಲ್ಲ.

ಇಂಗ್ಲಿಷ್ ಜ್ಞಾನ ಅಳೆಯುವ ಟೋಫೆಲ್ ಅಥವಾ ಐಇಎಲ್‌ಟಿಎಸ್ ಅಂಕಗಳಿಗೆ ಎರಡು ವರ್ಷ, ಸ್ನಾತಕೋತ್ತರ ಪ್ರವೇಶದ ಸಾಮಾನ್ಯ ಪರೀಕ್ಷೆಯಾದ ಜಿಆರ್‌ಇಗೆ ಐದು ವರ್ಷ ಮಾನ್ಯತೆ. ಜಿಆರ್‌ಇ ಕೇಳುವ ವಿಭಾಗಗಳು ಈಗ ಕಡಿಮೆಯಾಗಿವೆ, ವಿಚಾರಿಸಿಕೊಂಡೇ ಶುಲ್ಕ ಕಟ್ಟಿ. ಟೋಫೆಲ್ ಮನೆಯಿಂದಲೂ ಬರೆಯಬಹುದು. ಆದರೆ ಮಲೆನಾಡಿನ ಜುಲೈ ಮಳೆಯಲ್ಲಿ ಕರೆಂಟು ಹೋದರೆ ಪರೀಕ್ಷೆಯೂ ಹೋಯಿತು. ಬೆಂಗಳೂರಿನ ಕೇಂದ್ರವೇ ಕ್ಷೇಮ.

ಇನ್ನು ನಿಜವಾದ ಕೆಲಸ. ಸಂಶೋಧನೆ ಇರುವ ಎಂ.ಎಸ್.ಗೆ, ಅದರಲ್ಲೂ ಅರಣ್ಯ ಮತ್ತು ಕಡಲ ವಿಜ್ಞಾನದಲ್ಲಿ, ಶುಲ್ಕ ಮನ್ನಾ ಮತ್ತು ತಿಂಗಳ ಭತ್ಯೆ ಹೆಚ್ಚಾಗಿ ಪ್ರಾಧ್ಯಾಪಕರ ಯೋಜನೆಯ ಹಣದಿಂದಲೇ ಬರುತ್ತದೆ. ಆದ್ದರಿಂದ ಸೆಪ್ಟೆಂಬರ್‌ನಲ್ಲೇ ಅವರಿಗೆ ನೇರವಾಗಿ ಬರೆಯಬೇಕು. ಸಿದ್ದಾಪುರದ ಕಡೆಯ ವಿದ್ಯಾರ್ಥಿನಿಯೊಬ್ಬಳು ನನಗೆ ತೋರಿಸಿದ ಮೊದಲ ಕರಡು ‘ಬಾಲ್ಯದಿಂದಲೂ ನನಗೆ ಪ್ರಕೃತಿಯೆಂದರೆ ಪ್ರೀತಿ’ ಎಂದು ಶುರುವಾಗಿತ್ತು. ಮನೆಯಲ್ಲಿ ತೋಟವಿದೆಯೇ ಎಂದು ಕೇಳಿದೆ. ಇತ್ತು, ಸೊಪ್ಪಿನ ಬೆಟ್ಟವೂ ಇತ್ತು. ಎರಡನೆಯ ಕರಡು ಹೀಗೆ ಬಂತು: ‘ನಮ್ಮಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೆ ಕಾಡನ್ನು ಸೊಪ್ಪಿಗಾಗಿ ಬಿಟ್ಟುಕೊಡುವ ಪದ್ಧತಿಯಿದೆ. ವರ್ಷವೂ ಸೊಪ್ಪು ಕಡಿದ ಬೆಟ್ಟದಲ್ಲಿ ಯಾವ ಸಸಿಗಳು ಉಳಿಯುತ್ತವೆ ಎಂದು ಎರಡು ಬೇಸಿಗೆ ಎಣಿಸಿದ್ದೇನೆ.’ ಎಷ್ಟು ಚಂದದ ಮಾತು! ಓದಿದ ಪ್ರಾಧ್ಯಾಪಕರಿಗೆ ಅವಳು ಕೈಕೆಸರು ಮಾಡಿಕೊಂಡವಳೆಂದು ತಕ್ಷಣ ಗೊತ್ತಾಗುತ್ತದೆ. ಕಾರವಾರದವರಿಗೆ ಕಾಳಿ ನದಿಯ ಕಾಂಡ್ಲಾ ಕಾಡು (ಮ್ಯಾಂಗ್ರೋವ್) ಇದೆ, ಕುಮಟಾದವರಿಗೆ ಅಘನಾಶಿನಿಯ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಬಳಚು ಎಂಬ ಚಿಪ್ಪುಜೀವಿ ಹೆಕ್ಕುವ ಹೆಂಗಸರ ತಿಳಿವಳಿಕೆಯಿದೆ. ಪತ್ರ ಅರ್ಧ ಪುಟ ಸಾಕು. ಆ ಪ್ರಾಧ್ಯಾಪಕರ ಒಂದು ಪ್ರಬಂಧವನ್ನಾದರೂ ಓದಿರಬೇಕು, ಅದು ನಿಮ್ಮ ಕೆಲಸಕ್ಕೆ ಎಲ್ಲಿ ತಾಗುತ್ತದೆಂದು ಹೇಳಿರಬೇಕು. ಹತ್ತು ಜನರಿಗೆ ಒಂದೇ ಪತ್ರ ಕಳಿಸಬೇಡಿ.

ಏನು, ಏಕೆ ಓದಬೇಕೆಂದಿದ್ದೀರಿ ಎಂದು ಅರ್ಜಿಯ ಜೊತೆ ಬರೆದುಕೊಡುವ ಉದ್ದೇಶ ಪತ್ರವೂ ಇದೇ ದಾರಿಯದ್ದು. ಶಿಫಾರಸು ಪತ್ರ ಸಾಮಾನ್ಯವಾಗಿ ಮೂರು ಬೇಕು. ‘ನೀನೇ ಬರೆದು ತಾ, ಸಹಿ ಹಾಕುತ್ತೇನೆ’ ಎನ್ನುವ ಗುರುಗಳಿದ್ದಾರೆ. ದಯವಿಟ್ಟು ಒಪ್ಪಬೇಡಿ. ಮೂರೂ ಪತ್ರಗಳಲ್ಲಿ ಒಂದೇ ಕೈ ಕಂಡರೆ ಮೂರೂ ವ್ಯರ್ಥ. ನೀವು ಮಾಡಿದ ಕ್ಷೇತ್ರಕಾರ್ಯದ ಒಂದು ಪುಟದ ಟಿಪ್ಪಣಿ ಕೊಟ್ಟು, ಎರಡು ತಿಂಗಳು ಮೊದಲೇ ವಿನಯದಿಂದ ಕೇಳಿಕೊಳ್ಳಿ.

ಪ್ರವೇಶ ಸಿಕ್ಕಮೇಲೆ ಹಣದ ದಾಖಲೆ. ತೋಟದ ಬೆಲೆ ಎಷ್ಟೇ ಇರಲಿ, ವಿಶ್ವವಿದ್ಯಾಲಯದವರೂ ವೀಸಾ ಅಧಿಕಾರಿಗಳೂ ನೋಡುವುದು ಕೈಗೆ ಸಿಗುವ ಹಣವನ್ನು: ಉಳಿತಾಯ, ಠೇವಣಿ, ಮಂಜೂರಾದ ಶಿಕ್ಷಣ ಸಾಲ, ವಿಶ್ವವಿದ್ಯಾಲಯದ ನೆರವು. ನೆರವು ಕೊಡುತ್ತೇವೆಂಬ ಪತ್ರ ಬಂದಾಗ ಗಾಬರಿಯಿಂದ ಒಪ್ಪಿಕೊಳ್ಳಬೇಕಿಲ್ಲ. ಅಮೆರಿಕದ ಬಹಳಷ್ಟು ವಿಶ್ವವಿದ್ಯಾಲಯಗಳು ಏಪ್ರಿಲ್ 15ರವರೆಗೆ ಯೋಚಿಸಲು ಬಿಡುವ ಒಪ್ಪಂದಕ್ಕೆ ಸಹಿ ಹಾಕಿವೆ. ಕೆನಡಾಕ್ಕೆ (ಕ್ವಿಬೆಕ್ ಪ್ರಾಂತ್ಯ ಬಿಟ್ಟು) ಹೋಗುವ ಒಬ್ಬ ವಿದ್ಯಾರ್ಥಿ ಬೋಧನಾ ಶುಲ್ಕ, ಪ್ರಯಾಣ ಬಿಟ್ಟು ಜೀವನವೆಚ್ಚಕ್ಕೇ 22,895 ಕೆನಡಾ ಡಾಲರ್ ತೋರಿಸಬೇಕೆಂಬ ನಿಯಮ 2025ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ.

ಅಮೆರಿಕಕ್ಕಾದರೆ ವಿಶ್ವವಿದ್ಯಾಲಯ ವೀಸಾಕ್ಕೆ ಬೇಕಾದ, ಪ್ರವೇಶವನ್ನು ದೃಢಪಡಿಸುವ ಐ-20 ಪತ್ರ ಕಳಿಸುತ್ತದೆ. ಅದು ಬಂದಮೇಲೆ ವಿದೇಶಿ ವಿದ್ಯಾರ್ಥಿಗಳ ದಾಖಲೆ ವ್ಯವಸ್ಥೆಯಾದ ಸೆವಿಸ್‌ಗೆ 350 ಡಾಲರ್ ಶುಲ್ಕ ಕಟ್ಟಿ, ಡಿಎಸ್-160 ಎಂಬ ಆನ್‌ಲೈನ್ ವೀಸಾ ಅರ್ಜಿ ತುಂಬಿ, ವೀಸಾ ಸಂದರ್ಶನಕ್ಕೆ ದಿನ ಕಾಯ್ದಿರಿಸಿ. ಏನು ಓದಲು ಹೋಗುತ್ತೀರಿ, ಅಲ್ಲಿಯೇ ಏಕೆ, ಖರ್ಚು ಯಾರದು ಎಂದು ಅಧಿಕಾರಿ ಕೇಳುತ್ತಾರೆ. ಮೊದಲೆರಡಕ್ಕೆ ಉತ್ತರ ನೀವು ಸೆಪ್ಟೆಂಬರ್‌ನಲ್ಲಿ ಬರೆದ ಆ ಅರ್ಧ ಪುಟದಲ್ಲೇ ಇದೆ. ಸಂದರ್ಶನಕ್ಕೆಂದು ಚೆನ್ನೈಗೆ ಹೊರಡುವ ಹಿಂದಿನ ರಾತ್ರಿ ಅದನ್ನು ಇನ್ನೊಮ್ಮೆ ಓದಿಕೊಳ್ಳಿ.